ಗಾಳಿ ಅಳೆಯೋ ಮೀಟರ್ ಕೊಳ್ಳುವ ಮುಂಚೆ: ಮನೆ ಬಳಿಗೆ ಯಾವುದು, ಕಾರ್ಖಾನೆ ಬಳಿಗೆ ಯಾವುದು

ಮುಲುಂಡ್‌ನಲ್ಲಿ ಮನೆ ಇರುವವರೂ ಡೊಂಬಿವಲಿಯ ಎಮ್‌ಐಡಿಸಿ (ಸರ್ಕಾರಿ ಕೈಗಾರಿಕಾ ವಸಾಹತು) ಪಕ್ಕದಲ್ಲಿ ಮನೆ ಇರುವವರೂ ಒಂದೇ ಮೀಟರ್ ತಗೊಂಡರೆ, ಇಬ್ಬರಲ್ಲಿ ಒಬ್ಬರ ದುಡ್ಡು ದಂಡ. ಮಳೆಗಾಲ ಮುಗಿದು ಅಕ್ಟೋಬರ್ ಬಿಸಿಲು ಶುರುವಾಯಿತು ಅಂದ್ರೆ ಮುಂಬಯಿ ಕನ್ನಡಿಗರ ನಡುವೆ ಇದೇ ಮಾತು: ಯಾವ ಮೀಟರ್ ಒಳ್ಳೇದು, ಯಾವ ಆ್ಯಪ್ ನಂಬೋದು? ಉತ್ತರ ಹೇಳುವವರು ತಮ್ಮ ಮನೆಯಲ್ಲಿರುವ ಮೀಟರ್‌ ಹೆಸರು ಹೇಳುತ್ತಾರೆ. ನಿಮ್ಮ ತೊಂದರೆ ಧೂಳೋ, ಹೊಗೆಯೋ, ಕೆಮಿಕಲ್ ವಾಸನೆಯೋ ಅಂತ ಯಾರೂ ಕೇಳುವುದಿಲ್ಲ. ಅದನ್ನು ಕೇಳದೆ ಯಾವ ಮೀಟರ್ ಹೇಳಿದರೂ ಪ್ರಯೋಜನ ಇಲ್ಲ, ಯಾಕಂದ್ರೆ ಎಲ್ಲವನ್ನೂ ಅಳೆಯುವ ಒಂದೇ ಮೀಟರ್ ಮನೆಬಳಕೆಗೆ ಸಿಗುವುದಿಲ್ಲ.

ಹೋಲಿಕೆಗೆ ಹೋಗುವ ಮೊದಲು ಒಂದು ಮಾತು. "ಇದು ಇಂಡಸ್ಟ್ರಿಯಲ್ ಏರಿಯಾ, ಇಲ್ಲಿ ಗಾಳಿ ಹೀಗೇ ಇರೋದು" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. 1994ರ ನಿಯಮದಲ್ಲಿ ಹಾಗೊಂದು ಭೇದ ಇತ್ತು. ಉಸಿರಿನ ಜೊತೆ ಒಳಗೆ ಹೋಗುವ ಸಣ್ಣ ಧೂಳಿಗೆ 24 ಗಂಟೆಯ ಮಿತಿ ವಸತಿ ಪ್ರದೇಶದಲ್ಲಿ ಘನ ಮೀಟರಿಗೆ 100 ಮೈಕ್ರೋಗ್ರಾಂ, ಕೈಗಾರಿಕಾ ಪ್ರದೇಶದಲ್ಲಿ 150. 2009ರ ನವೆಂಬರ್‌ನಲ್ಲಿ ಬಂದ ಹೊಸ ಮಾನದಂಡದಲ್ಲಿ ಅದನ್ನು ತೆಗೆದುಹಾಕಿದರು. ಈಗ ಎರಡೂ ಕಡೆ ಒಂದೇ ಮಿತಿ: ದಿನದ ಸರಾಸರಿ ಪಿಎಂ 10 (10 ಮೈಕ್ರಾನಿನವರೆಗಿನ ಧೂಳು) ಆದರೆ 100, ಪಿಎಂ 2.5 (2.5 ಮೈಕ್ರಾನಿನವರೆಗಿನ ಇನ್ನೂ ಸಣ್ಣ ಕಣ) ಆದರೆ 60. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ಇನ್ನೂ ಬಿಗಿ, ಪಿಎಂ 2.5ಕ್ಕೆ ದಿನಕ್ಕೆ 15. ಫ್ಯಾಕ್ಟರಿ ಪಕ್ಕದ ಮಗುವಿನ ಶ್ವಾಸಕೋಶಕ್ಕೂ ಮಲಬಾರ್ ಹಿಲ್‌ನ ಮಗುವಿನ ಶ್ವಾಸಕೋಶಕ್ಕೂ ಕಾನೂನಿನಲ್ಲಿ ವ್ಯತ್ಯಾಸ ಇಲ್ಲ. ಇದು ನೆನಪಿರಲಿ.

ದುಡ್ಡು ಖರ್ಚಿಲ್ಲದ ದಾರಿ: ಸರ್ಕಾರಿ ಸ್ಟೇಷನ್

ಮೊದಲು ಇಲ್ಲಿಂದಲೇ ಶುರು ಮಾಡಿ. ಕೇಂದ್ರ ಮಾಲಿನ್ಯ ಮಂಡಳಿಯ 'ಸಮೀರ್' ಆ್ಯಪ್ ಇದೆ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ನಡೆಸುವ, ಗಾಳಿಯ ಗುಣಮಟ್ಟ ತಿಳಿಸುವ 'ಸಫರ್' ಮುಂಬಯಿಗೆ 2015ರಲ್ಲಿ ಬಂತು. ಮುಲುಂಡ್ ಪಶ್ಚಿಮ, ದೇವನಾರ್, ಸಾಯನ್, ಬೊರಿವಲಿ ಪೂರ್ವ, ನವಿ ಮುಂಬಯಿಯ ಮಹಾಪೆ, ಕಲ್ಯಾಣದ ಖಡಕ್‌ಪಾಡಾ ಹೀಗೆ ಹಲವು ಕಡೆ ತಾನಾಗೇ ಅಳೆಯುವ ಸ್ಟೇಷನ್‌ಗಳಿವೆ. ಒಂದೊಂದಕ್ಕೆ ಕೋಟಿ ರೂಪಾಯಿಯ ಆಸುಪಾಸು ಖರ್ಚು. ಬಹುತೇಕ ಸ್ಟೇಷನ್‌ಗಳಲ್ಲಿ ಧೂಳನ್ನು ಒಂದು ಟೇಪಿನ ಮೇಲೆ ಕೂರಿಸಿ, ಅದರ ಮೂಲಕ ಬೀಟಾ ಕಿರಣ ಹಾಯಿಸಿ, ಎಷ್ಟು ತಡೆಯಿತು ಅಂತ ನೋಡಿ ತೂಕ ಹಾಕುತ್ತಾರೆ. ಒಳಗೆ ಎಳೆಯುವ ಗಾಳಿಯನ್ನು ಬಿಸಿ ಮಾಡಿ ತೇವ ತೆಗೆಯುತ್ತಾರೆ. ನಮ್ಮ ಊರಿನಂಥ ಪಸೆ ಗಾಳಿಗೆ ಇದು ಬಹಳ ಮುಖ್ಯ, ಮುಂದೆ ಹೇಳುತ್ತೇನೆ.

ಯಂತ್ರ ಒಳ್ಳೇದೇ. ಓದುವುದರಲ್ಲಿ ಎಡವುತ್ತೇವೆ. ಎಕ್ಯೂಐ (ಗಾಳಿ ಗುಣಮಟ್ಟದ ಸೂಚ್ಯಂಕ) ಅನ್ನೋದು ಈ ಕ್ಷಣದ ಗಾಳಿ ಅಲ್ಲ, ಹಿಂದಿನ 24 ಗಂಟೆಯ ಸರಾಸರಿ. ಓಝೋನ್ ಮತ್ತು ಕಾರ್ಬನ್ ಮೊನಾಕ್ಸೈಡಿಗೆ ಮಾತ್ರ 8 ಗಂಟೆ. ರಾತ್ರಿ ಎರಡು ಗಂಟೆಗೆ ಅರ್ಧ ತಾಸು ಕಣ್ಣುರಿ ಬರುವಷ್ಟು ಗ್ಯಾಸ್ ಬಂದು ಹೋದರೆ ಬೆಳಗಿನ ಎಕ್ಯೂಐಯಲ್ಲಿ ಅದರ ಗುರುತೇ ಇರುವುದಿಲ್ಲ. ಅಂಥ ಹೊತ್ತಿನದ್ದು ಬೇಕಾದರೆ ಕೇಂದ್ರ ಮಂಡಳಿಯ ವೆಬ್‌ಸೈಟಿನಲ್ಲಿ 15 ನಿಮಿಷಕ್ಕೊಂದರಂತೆ ಸಿಗುವ ಅಂಕಿ ಡೌನ್‌ಲೋಡ್ ಮಾಡಿ ನೋಡಬೇಕು. ಸ್ವಲ್ಪ ಕಿರಿಕಿರಿಯ ಕೆಲಸ, ಆದರೆ ಉಚಿತ, ಮತ್ತು ಅಧಿಕಾರಿ ಮುಂದೆ ಇಟ್ಟರೆ "ಇದು ನಿಮ್ಮ ಮೀಟರ್, ನಾವು ನಂಬಲ್ಲ" ಅನ್ನೋಕೆ ಆಗುವುದಿಲ್ಲ.

ಇನ್ನೊಂದು ಗೊಂದಲ ಆ್ಯಪ್‌ಗಳದ್ದು. ಒಂದೇ ಗಾಳಿಗೆ ಒಂದು ಆ್ಯಪ್ 100 ತೋರಿಸುತ್ತದೆ, ಮತ್ತೊಂದು 150ರ ಮೇಲೆ. ಯಾವುದೂ ಸುಳ್ಳಲ್ಲ. ಪಿಎಂ 2.5ರ ಅಂಕಿ 60 ಮೈಕ್ರೋಗ್ರಾಂ ಇದ್ದರೆ ನಮ್ಮ ದೇಶದ ಅಳತೆಗೋಲಿನಲ್ಲಿ ಅದು 100, ಅಂದ್ರೆ 'ತೃಪ್ತಿಕರ'. ಅಮೆರಿಕದ ಅಳತೆಗೋಲಿನಲ್ಲಿ ಅದೇ ಗಾಳಿ 150 ದಾಟಿ ಅನಾರೋಗ್ಯಕರ ಅಂತ ಕೆಂಪಾಗುತ್ತದೆ. ಆದ್ದರಿಂದ ಎಕ್ಯೂಐ ಬಿಡಿ, ಪಿಎಂ 2.5 ಎಷ್ಟು ಮೈಕ್ರೋಗ್ರಾಂ ಅಂತ ನೋಡಿ. ಅದು ಎಲ್ಲ ಕಡೆ ಒಂದೇ.

ಇದಕ್ಕಿಂತ ದೊಡ್ಡ ಕೊರತೆ ಬೇರೆ ಇದೆ. ನಮ್ಮ ಎಕ್ಯೂಐ ಲೆಕ್ಕಕ್ಕೆ ತಗೊಳ್ಳುವುದು ಎಂಟೇ ವಸ್ತು: ಪಿಎಂ 10, ಪಿಎಂ 2.5, ನೈಟ್ರೋಜನ್ ಡೈಆಕ್ಸೈಡ್, ಸಲ್ಫರ್ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್, ಓಝೋನ್, ಅಮೋನಿಯಾ, ಸೀಸ. ಬೆಂಝೀನ್ ಇಲ್ಲ. ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇಲ್ಲ. ಸಾಲ್ವೆಂಟ್ (ಥಿನ್ನರಿನಂಥ ಕರಗಿಸುವ ದ್ರವ) ವಾಸನೆ ಬರಿಸುವ ಯಾವುದೂ ಇಲ್ಲ. ಚೆಂಬೂರ್-ಮಾಹುಲ್ ಕಡೆಯವರಿಗೆ, ಡೊಂಬಿವಲಿ, ತಳೋಜಾ ಕಡೆಯವರಿಗೆ ತೊಂದರೆ ಕೊಡುವುದು ಅವೇ ಅಲ್ವಾ? ಹಸಿರು ಬಣ್ಣದ ಎಕ್ಯೂಐ ತೋರಿಸಿ ಅವರಿಗೆ ಸಮಾಧಾನ ಹೇಳುವುದು ಅನ್ಯಾಯ.

ಮರೆತುಹೋದ ಇನ್ನೊಂದು ಸರ್ಕಾರಿ ಅಳತೆ

ಆನ್‌ಲೈನ್ ಸ್ಟೇಷನ್ ಅಲ್ಲದೆ, ಕೈಯಿಂದ ಸ್ಯಾಂಪಲ್ ತೆಗೆಯುವ ಹಳೇ ಪದ್ಧತಿಯೂ ಇದೆ. ವಾರಕ್ಕೆ ಎರಡು ದಿನ, ವರ್ಷಕ್ಕೆ 104 ದಿನ, ಪಂಪಿನಿಂದ ಗಾಳಿ ಎಳೆದು ಫಿಲ್ಟರ್ ಕಾಗದದ ಮೇಲೆ ಧೂಳು ಹಿಡಿದು, ಲ್ಯಾಬಿನಲ್ಲಿ ಕಾಗದವನ್ನು ಮೊದಲು-ಆಮೇಲೆ ತೂಗುತ್ತಾರೆ. ಬಿಳಿ ಕಾಗದ ಸಂಜೆ ಹೊತ್ತಿಗೆ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಫಲಿತಾಂಶ ತಡವಾಗಿ ಬರುತ್ತದೆ, ಇವತ್ತು ವಾಕಿಂಗ್ ಹೋಗಲಾ ಅಂತ ಕೇಳುವವರಿಗೆ ಏನೂ ಪ್ರಯೋಜನ ಇಲ್ಲ. ಆದರೆ ಆ ಕಾಗದವನ್ನೇ ಪರೀಕ್ಷೆ ಮಾಡಿ ಸೀಸ, ನಿಕಲ್, ಆರ್ಸೆನಿಕ್ ಎಷ್ಟಿದೆ ಅಂತ ಹೇಳಬಹುದು. ಎಷ್ಟು ಧೂಳು ಅನ್ನೋದರ ಜೊತೆಗೆ ಎಂಥ ಧೂಳು ಅನ್ನೋದೂ ಗೊತ್ತಾಗುತ್ತದೆ. ಕಾರ್ಖಾನೆ ಪಕ್ಕದವರು ಕೇಳಬೇಕಾದ್ದು ಇದು. ಹತ್ತಿರದ ಸ್ಟೇಷನ್ನಿನ ಲೋಹಗಳ ರಿಪೋರ್ಟ್ ಕೊಡಿ ಅಂತ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ.

ಮನೆಗೆ ತರುವ ಲೇಸರ್ ಮೀಟರ್

ಐದರಿಂದ ಹದಿನೈದು ಸಾವಿರ ರೂಪಾಯಿಗೆ ಆನ್‌ಲೈನ್‌ನಲ್ಲಿ ಸಿಗುವ ಹೆಚ್ಚಿನ ಮೀಟರ್‌ಗಳ ಹೊಟ್ಟೆಯೊಳಗೆ ಇರುವುದು ಒಂದೇ ಜಾತಿಯ ಸಾಮಾನು. ಸಣ್ಣ ಫ್ಯಾನ್ ಗಾಳಿ ಎಳೆಯುತ್ತದೆ, ಲೇಸರ್ ಬೆಳಕು ಕಣಕ್ಕೆ ಬಡಿದು ಚೆದುರುತ್ತದೆ, ಚೆದುರಿದ ಬೆಳಕು ನೋಡಿ ಪಿಎಂ 2.5 ಎಷ್ಟು ಅಂತ ಅಂದಾಜು ಮಾಡುತ್ತದೆ. ತೂಗುವುದಿಲ್ಲ. ಬೆಳಕಿನಿಂದ ಊಹಿಸುತ್ತದೆ.

ಹೊಗೆಗೆ ಇದು ನಿಜಕ್ಕೂ ಒಳ್ಳೆಯದು. ಒಗ್ಗರಣೆ ಹಾಕಿ ನೋಡಿ: ಎಣ್ಣೆ ಕಾದು ಸಾಸಿವೆ ಸಿಡಿದು ಕೆಂಪು ಮೆಣಸು ಬಿದ್ದ ಒಂದೆರಡು ನಿಮಿಷದಲ್ಲಿ ಅಂಕಿ ಏರತೊಡಗುತ್ತದೆ, ಚಿಮಣಿ ಹಾಕಿ ಕಿಟಕಿ ತೆಗೆದರೆ ಇಳಿಯುತ್ತದೆ. ಊದುಬತ್ತಿ, ಸೊಳ್ಳೆ ಕಾಯಿಲ್, ಕಸ ಸುಡುವುದು, ಪಟಾಕಿ, ಡೀಸೆಲ್ ಹೊಗೆ, ಇವೆಲ್ಲ ಸಣ್ಣ ಕಣಗಳು, ಲೇಸರ್ ಚೆನ್ನಾಗಿ ಹಿಡಿಯುತ್ತದೆ. ಮನೆಯಲ್ಲಿ ಅಸ್ತಮಾ ಇರುವ ಮಗು ಇದ್ದರೆ, ಯಾವ ಹೊತ್ತಿನಲ್ಲಿ ಕಿಟಕಿ ತೆಗೀಬೇಕು, ಯಾವಾಗ ಮುಚ್ಚಬೇಕು ಅಂತ ತಿಳಿಯೋಕೆ ಇಷ್ಟು ಕಡಿಮೆ ದುಡ್ಡಿಗೆ ಇದಕ್ಕಿಂತ ಉಪಯೋಗದ ವಸ್ತು ಇಲ್ಲ.

ಸೋಲುವುದು ಎರಡು ಕಡೆ. ಎರಡೂ ಮುಂಬಯಿಗೆ ಹೇಳಿ ಮಾಡಿಸಿದ ತೊಂದರೆಗಳೇ.

ಒಂದು, ಪಸೆ. ಗಾಳಿಯಲ್ಲಿ ತೇವ 80-85 ಪರ್ಸೆಂಟ್ ದಾಟಿದರೆ ಕಣಗಳು ನೀರು ಕುಡಿದು ಉಬ್ಬುತ್ತವೆ. ಲೇಸರಿಗೆ ಅವು ದೊಡ್ಡದಾಗಿ ಕಾಣುತ್ತವೆ, ಅಂಕಿ ಸುಮ್ನೆ ಏರುತ್ತದೆ. ಸರ್ಕಾರಿ ಯಂತ್ರ ಗಾಳಿ ಒಣಗಿಸಿ ಅಳೆಯುತ್ತದೆ, ಮನೆಯ ಮೀಟರ್ ಹಾಗೆ ಮಾಡುವುದಿಲ್ಲ. ಆದ್ದರಿಂದ ಬೆಳಗಿನ ಜಾವದ ಮಂಜಿನಲ್ಲಿ ಕಂಡ ಅಂಕಿಯನ್ನು ಸ್ವಲ್ಪ ಅನುಮಾನದಿಂದಲೇ ನೋಡಿ. ತೇವಾಂಶವನ್ನೂ ತೋರಿಸುವ ಮೀಟರ್ ತಗೊಳ್ಳಿ, ಆಗ ಯಾವ ಅಂಕಿ ನಂಬಬೇಕು ಅಂತ ನಿಮಗೇ ತಿಳಿಯುತ್ತದೆ.

ಎರಡು, ದಪ್ಪ ಧೂಳು. ಇದನ್ನು ಅಂಗಡಿಯವರು ಹೇಳುವುದೇ ಇಲ್ಲ. ಮೀಟರಿನ ಪರದೆಯಲ್ಲಿ ಪಿಎಂ 10 ಅಂತ ಒಂದು ಅಂಕಿ ಇರುತ್ತದೆ. ಅಗ್ಗದ ಲೇಸರ್ ಸೆನ್ಸರ್ ದೊಡ್ಡ ಕಣಗಳನ್ನು ಸರಿಯಾಗಿ ಎಣಿಸುವುದೇ ಇಲ್ಲ, ಸಣ್ಣ ಕಣಗಳ ಲೆಕ್ಕದಿಂದ ಪಿಎಂ 10 ಇಷ್ಟಿರಬಹುದು ಅಂತ ಲೆಕ್ಕ ಹಾಕಿ ತೋರಿಸುತ್ತದೆ. ಪಕ್ಕದ ಪ್ಲಾಟಿನಲ್ಲಿ ಹಳೇ ಬಿಲ್ಡಿಂಗ್ ಒಡೆದು ರಿಡೆವಲಪ್‌ಮೆಂಟ್ ನಡೀತಿದೆ, ಗ್ಯಾಲರಿಯ ಗ್ರಿಲ್ ಮೇಲೆ ಬೆರಳಿಟ್ಟರೆ ಸಿಮೆಂಟಿನ ಪುಡಿ ಮೆತ್ತುತ್ತದೆ, ಒಗೆದ ಬಟ್ಟೆ ಒಣಗಿಸೋಕೆ ಆಗುತ್ತಿಲ್ಲ, ಆದರೂ ಮೀಟರ್ ಹಸಿರು ತೋರಿಸುತ್ತದೆ. ಬಿಲ್ಡರ್ ಅದನ್ನೇ ಫೋಟೋ ತೆಗೆದು ನಿಮ್ಮ ಮುಂದೆ ಹಿಡಿಯಬಹುದು. ಆದ್ದರಿಂದ ಕಟ್ಟಡದ ಧೂಳಿನ ಜಗಳಕ್ಕೆ ಲೇಸರ್ ಮೀಟರ್ ತರಲೇಬೇಡಿ. ಅದಕ್ಕೆ ಬೇರೆ ದಾರಿ ಇದೆ. ಮುಂಬಯಿ ಪಾಲಿಕೆ 2023ರ ಅಕ್ಟೋಬರ್‌ನಲ್ಲಿ ನಿಯಮ ತಂದಿತು: ಕಟ್ಟುವ ಜಾಗದ ಸುತ್ತ ಎತ್ತರದ ತಗಡು, ಕಟ್ಟಡಕ್ಕೆ ಹಸಿರು ಬಟ್ಟೆ ಇಲ್ಲವೇ ಒದ್ದೆ ಗೋಣಿ, ನೀರು ಸಿಂಪಡಿಸುವುದು, ಸೈಟಿನಲ್ಲಿ ಗಾಳಿ ಅಳೆಯುವ ಸೆನ್ಸರ್. ಇವು ಇವೆಯೋ ಇಲ್ಲವೋ ಅಂತ ದಿನಾಂಕದ ಜೊತೆ ಫೋಟೋ ತೆಗೆದು ವಾರ್ಡ್ ಆಫೀಸಿಗೆ ಕೊಡಿ. ತಗಡು ಇಲ್ಲದ ಒಂದು ಫೋಟೋ ನೂರು ರೀಡಿಂಗಿಗಿಂತ ಜಾಸ್ತಿ ಕೆಲಸ ಮಾಡುತ್ತದೆ. ಅಳೆಯಲೇಬೇಕು ಅಂದರೆ ಎನ್‌ಎಬಿಎಲ್ (ಲ್ಯಾಬ್‌ಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿನವರನ್ನು ಕರೆಸಿ ಫಿಲ್ಟರ್ ಹಾಕಿಸಿ 24 ಗಂಟೆ ಪಿಎಂ 10 ತೆಗೆಸಿ. ಸೊಸೈಟಿಯ ಮನೆಗಳೆಲ್ಲ ಹಂಚಿಕೊಂಡರೆ ಭಾರ ಆಗುವುದಿಲ್ಲ.

ಮೀಟರ್ ತಗೊಂಡವರಿಗೆ ಜಾಗದ ಬಗ್ಗೆ ಎರಡು ಮಾತು. ಅಡುಗೆಮನೆ ಎಕ್ಸಾಸ್ಟ್ ಪಕ್ಕ ಬೇಡ, ಎಸಿಯ ಹೊರಗಿನ ಡಬ್ಬದ ಹತ್ತಿರ ಬೇಡ, ನೇರ ಬಿಸಿಲು-ಮಳೆ ಬೀಳದ ಹಾಗೆ ಛಜ್ಜಾ ಕೆಳಗೆ, ಗಾಳಿ ಆಡುವ ಕಡೆ ಇಡಿ. ಹತ್ತಿರದಲ್ಲಿ ಸರ್ಕಾರಿ ಸ್ಟೇಷನ್ ಇದ್ದರೆ, ಅದರ ಬೇಲಿಯ ಹೊರಗೆ ಅಂಗಡಿಯಲ್ಲೋ ಗೆಳೆಯರ ಮನೆಯಲ್ಲೋ ಕೆಲವು ದಿನ ನಿಮ್ಮ ಮೀಟರ್ ಇಟ್ಟು ಎರಡರ ಅಂಕಿ ಪಕ್ಕಪಕ್ಕ ಬರೆದುಕೊಳ್ಳಿ. ನಿಮ್ಮದು ಯಾವಾಗಲೂ ಜಾಸ್ತಿ ತೋರಿಸುತ್ತದೋ ಕಡಿಮೆಯೋ ಗೊತ್ತಾದರೆ ಆಮೇಲೆ ಅಷ್ಟು ತೆಗೆದೋ ಸೇರಿಸಿಯೋ ಓದಬಹುದು. ಇದನ್ನು ಮಾಡದ ಮೀಟರಿನ ಅಂಕಿಯನ್ನು ಯಾವ ಕಚೇರಿಗೂ ಒಯ್ಯಬೇಡಿ.

ಇನ್ನು 'ವಿಓಸಿ' (ಸುಲಭವಾಗಿ ಆವಿಯಾಗುವ ಕೆಮಿಕಲ್‌ಗಳು), 'ಫಾರ್ಮಾಲ್ಡಿಹೈಡ್' ಅಂತ ಬರೆದ ಮೀಟರ್‌ಗಳು. ಎಮ್‌ಐಡಿಸಿ ಪಕ್ಕದವರು ಇದನ್ನು ನೋಡಿಯೇ ಮೋಸ ಹೋಗುತ್ತಾರೆ. ಹೆಚ್ಚಿನವುಗಳ ಒಳಗಿರುವುದು ಲೋಹದ ಆಕ್ಸೈಡಿನ ಸಣ್ಣ ಸೆನ್ಸರ್. ಸ್ಯಾನಿಟೈಸರ್, ಅತ್ತರು, ಫಿನಾಯಿಲ್, ಸಾಲ್ವೆಂಟ್ ಎಲ್ಲಕ್ಕೂ ಅದು ಏರುತ್ತದೆ. ಯಾವುದು ಅಂತ ಹೇಳೋಕೆ ಅದಕ್ಕೆ ಬರುವುದಿಲ್ಲ. ಬೆಂಝೀನಿಗೆ ನಮ್ಮ ದೇಶದ ಮಿತಿ ವರ್ಷದ ಸರಾಸರಿ 5 ಮೈಕ್ರೋಗ್ರಾಂ. ಅಷ್ಟು ಕಡಿಮೆ ಪ್ರಮಾಣವನ್ನು ಈ ಸೆನ್ಸರ್ ನೋಡಲಾರದು.

ವಾಸನೆ ಇರುವ ಕಡೆ ಏನು ಮಾಡೋದು

ಕೇಂದ್ರ ಮಂಡಳಿ 2009ರಲ್ಲಿ ದೇಶದ 88 ಕೈಗಾರಿಕಾ ಪ್ರದೇಶಗಳ ಮಾಲಿನ್ಯ ಅಳೆದಾಗ 43 ಕಡೆ 'ತೀವ್ರ ಗಂಭೀರ' ಅಂತ ಬಂತು. ಅದರಲ್ಲಿ ಡೊಂಬಿವಲಿ, ನವಿ ಮುಂಬಯಿ, ತಾರಾಪುರ ಮೂರೂ ಇದ್ದವು. 2020ರ ಫೆಬ್ರವರಿಯಲ್ಲಿ ಡೊಂಬಿವಲಿ ಎಮ್‌ಐಡಿಸಿಯ ರಸ್ತೆ ಕೆಮಿಕಲ್ಲಿನಿಂದ ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನು ಎಲ್ಲರೂ ನೋಡಿದ್ದಾರೆ. 2016ರ ಮೇ ಮತ್ತು 2024ರ ಮೇ ತಿಂಗಳ ಸ್ಫೋಟಗಳಲ್ಲಿ ಜನ ಸತ್ತರು. ಚೆಂಬೂರಿನ ಪಕ್ಕದ ಮಾಹುಲ್‌ನಲ್ಲಿ ರಿಫೈನರಿ, ರಸಗೊಬ್ಬರ ಕಾರ್ಖಾನೆ, ಕೆಮಿಕಲ್ ತುಂಬಿಡುವ ಟ್ಯಾಂಕುಗಳ ನಡುವೆ ಜನ ಇದ್ದಾರೆ. ಅಲ್ಲಿಯ ವಿಓಸಿ ವಿಚಾರ ಹಸಿರು ನ್ಯಾಯಮಂಡಳಿವರೆಗೆ ಹೋಯಿತು, ಮತ್ತು ಅದನ್ನು ಅಲ್ಲಿಯವರೆಗೆ ಒಯ್ದವರು ಊರಿನ ಕೋಲಿ ಮೀನುಗಾರ ಜನ. ಯಂತ್ರಕ್ಕಿಂತ ಮೊದಲು ಅವರ ಹತ್ತಿರ ಇದ್ದದ್ದು ಮೂಗು ಮತ್ತು ಹಟ.

ಆದ್ದರಿಂದ ಕಾರ್ಖಾನೆ ಪಕ್ಕದವರಿಗೆ ನನ್ನ ಮೊದಲ ಆಯ್ಕೆ ಒಂದು ನೋಟ್‌ಬುಕ್. ನಿಜವಾಗಿ ಹೇಳುತ್ತಿದ್ದೇನೆ. ತಾರೀಕು, ವಾಸನೆ ಶುರುವಾದ ಗಂಟೆ-ನಿಮಿಷ, ನಿಂತ ಗಂಟೆ, ಯಾವ ಥರದ ವಾಸನೆ (ಕೊಳೆತ ಮೊಟ್ಟೆ, ನೇಲ್ ಪಾಲಿಶ್, ಸುಟ್ಟ ರಬ್ಬರ್, ಕೊಳೆತ ಎಲೆಕೋಸು), ಗಾಳಿ ಯಾವ ಕಡೆಯಿಂದ, ಯಾರಿಗೆ ಏನಾಯಿತು. ಕಣ್ಣುರಿ, ಕೆಮ್ಮು, ವಾಂತಿ, ತಲೆನೋವು. ನಾಲ್ಕೈದು ಬಿಲ್ಡಿಂಗಿನಲ್ಲಿ ಒಬ್ಬೊಬ್ಬರು ಬೇರೆ ಬೇರೆ ಬರೆದರೆ ಇನ್ನೂ ಒಳ್ಳೇದು. ಹಗಲು ಕಡಲಿನ ಕಡೆಯಿಂದ ಬೀಸುವ ಗಾಳಿ ರಾತ್ರಿ ನೆಲದ ಕಡೆಯಿಂದ ತಿರುಗುತ್ತದೆ, ಚಳಿಗಾಲದ ರಾತ್ರಿ ಗಾಳಿ ನಿಂತು ಹೊಗೆ ಕೆಳಗೇ ಕೂರುತ್ತದೆ. ಒಂದು ತಿಂಗಳ ನೋಟ್‌ಬುಕ್ ನೋಡಿದರೆ ವಾಸನೆ ಯಾವ ದಿಕ್ಕಿನಿಂದ, ಯಾವ ಪಾಳಿಯಲ್ಲಿ ಬರುತ್ತಿದೆ ಅಂತ ಬೆರಳಿಟ್ಟು ತೋರಿಸಬಹುದು. ಇದು ಗೊತ್ತಾಗದೆ ದುಬಾರಿ ಯಂತ್ರ ತಂದರೂ ಅದನ್ನು ಯಾವ ಹೊತ್ತಿಗೆ ಎಲ್ಲಿ ಇಡಬೇಕು ಅಂತ ತಿಳಿಯುವುದಿಲ್ಲ.

ಒಂದು ಎಚ್ಚರಿಕೆ: ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದರೆ ಮೂಗು ಸತ್ತುಹೋಗುತ್ತದೆ, ವಾಸನೆ ನಿಂತ ಹಾಗೆ ಅನಿಸುತ್ತದೆ. ಕೊಳೆತ ಮೊಟ್ಟೆ ವಾಸನೆ ಜೋರಾಗಿ ಬಂದು ಥಟ್ಟನೆ ಮಾಯವಾದರೆ ಗ್ಯಾಸ್ ಹೋಯಿತು ಅಂದುಕೊಳ್ಳಬೇಡಿ, ಆ ಜಾಗ ಬಿಟ್ಟು ಹೋಗಿ. ಎನ್95 ಮಾಸ್ಕ್ ಧೂಳಿಗೆ ಮಾತ್ರ, ಗ್ಯಾಸ್ ತಡೆಯುವುದಿಲ್ಲ.

ನೋಟ್‌ಬುಕ್ ಆದ ಮೇಲೆ ಅಳತೆ. ಇಲ್ಲಿ ಮೂರು ದಾರಿ. ಬಹಳ ದಿನದ ಸರಾಸರಿ ಬೇಕಾದರೆ ಪ್ಯಾಸಿವ್ ಟ್ಯೂಬು: ಬೆರಳುದ್ದದ ಕೊಳವೆ, ಕರೆಂಟ್ ಬೇಡ, ಎರಡು ವಾರ ಕಂಬಕ್ಕೋ ಗ್ರಿಲ್ಲಿಗೋ ಕಟ್ಟಿ ಲ್ಯಾಬಿಗೆ ಕಳಿಸುವುದು. ನೈಟ್ರೋಜನ್ ಡೈಆಕ್ಸೈಡಿಗೂ ಬೆಂಝೀನಿಗೂ ಬೇರೆ ಬೇರೆ ಟ್ಯೂಬು ಸಿಗುತ್ತವೆ. ರಸ್ತೆ ಪಕ್ಕದ ಬಿಲ್ಡಿಂಗ್ ಮತ್ತು ಒಳಗಿನ ಬಿಲ್ಡಿಂಗ್ ನಡುವೆ ಎಷ್ಟು ವ್ಯತ್ಯಾಸ ಅಂತ ತೋರಿಸೋಕೆ ಇದು ಚೆನ್ನ, ಆದರೆ ರಾತ್ರಿಯ ಅರ್ಧ ತಾಸಿನ ಗ್ಯಾಸ್ ಸರಾಸರಿಯಲ್ಲಿ ಕರಗಿಹೋಗುತ್ತದೆ. ಆ ಅರ್ಧ ತಾಸನ್ನೇ ಹಿಡಿಯಬೇಕು ಅಂದರೆ ಗಾಳಿಯನ್ನು ಚೀಲದಲ್ಲಿ ತುಂಬುವ ಪದ್ಧತಿ ಇದೆ. 1995ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರಿಫೈನರಿ ಪಕ್ಕದ ಜನರಿಗಾಗಿ ಶುರುವಾದದ್ದು, ಬಕೆಟ್ಟಿನೊಳಗೆ ವಿಶೇಷ ಪ್ಲಾಸ್ಟಿಕ್ ಚೀಲ ಇಟ್ಟು ಗಾಳಿ ಎಳೆಯುವುದು. ನಮ್ಮ ದೇಶದಲ್ಲಿ 2004ರಲ್ಲಿ ತಮಿಳುನಾಡಿನ ಕಡಲೂರಿನಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಪಕ್ಕದ ಹಳ್ಳಿಯವರು ಹೀಗೇ ಸ್ಯಾಂಪಲ್ ತೆಗೆದು ತಾವು ಉಸಿರಾಡುವ ಗಾಳಿಯಲ್ಲಿ ಏನಿದೆ ಅಂತ ಲೋಕಕ್ಕೆ ತೋರಿಸಿದರು. ಲ್ಯಾಬ್ ಖರ್ಚು ಜಾಸ್ತಿ, ಚೀಲವನ್ನು ತಡ ಮಾಡದೆ ಕಳಿಸಬೇಕು, ಒಂದು ಸಂಸ್ಥೆಯ ನೆರವು ಇಲ್ಲದೆ ಕಷ್ಟ. ಆದರೂ ಇಂಥ ಗ್ಯಾಸ್ ಇತ್ತು ಅಂತ ಹೆಸರಿಟ್ಟು ಹೇಳುವ ದಾರಿ ಇದು. ಮೂರನೆಯದು ಸರ್ಕಾರವನ್ನೇ ಕರೆಸುವುದು: ಮಹಾರಾಷ್ಟ್ರ ಮಾಲಿನ್ಯ ಮಂಡಳಿಗೆ ನೋಟ್‌ಬುಕ್ಕಿನ ನಕಲು ಲಗತ್ತಿಸಿ, ಇಂಥ ಹೊತ್ತಿಗೆ ಇಂಥ ಕಡೆ ಮೊಬೈಲ್ ವ್ಯಾನ್ ನಿಲ್ಲಿಸಿ ಅಂತ ಲಿಖಿತವಾಗಿ ಕೇಳಿ. "ಯಾವಾಗಲೂ ವಾಸನೆ ಬರುತ್ತೆ" ಅಂತ ಬರೆದ ಪತ್ರ ಫೈಲಿನಲ್ಲಿ ಮಲಗುತ್ತದೆ. "ರಾತ್ರಿ 11ರಿಂದ 2ರ ನಡುವೆ, ಪೂರ್ವದ ಗಾಳಿ ಇದ್ದಾಗ" ಅಂತ ಬರೆದ ಪತ್ರಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ಕಾರ್ಖಾನೆಯವರು ಚಿಮಣಿಯ ಆನ್‌ಲೈನ್ ಅಂಕಿ ತೋರಿಸಿದರೆ ಅದನ್ನೂ ನೋಡಿ, ಆದರೆ ಅಷ್ಟಕ್ಕೇ ಸುಮ್ಮನಾಗಬೇಡಿ. ಹೆಚ್ಚು ಮಾಲಿನ್ಯದ 17 ಬಗೆಯ ಉದ್ದಿಮೆಗಳಿಗೆ ಚಿಮಣಿಯಲ್ಲಿ ಯಂತ್ರ ಕಡ್ಡಾಯ. ಆದರೆ ಸಾಲ್ವೆಂಟ್ ಹೊರಗೆ ಬರುವುದು ಚಿಮಣಿಯಿಂದ ಮಾತ್ರ ಅಲ್ಲ. ಡ್ರಮ್ಮು, ವಾಲ್ವು, ಟ್ಯಾಂಕರ್ ತುಂಬುವ ಜಾಗ, ತೆರೆದ ಚರಂಡಿ, ಇಲ್ಲೆಲ್ಲ ಯಾವ ಯಂತ್ರವೂ ಇರುವುದಿಲ್ಲ. ಆ ಕಾರ್ಖಾನೆಗೆ ಮಂಡಳಿ ಕೊಟ್ಟ ಪರವಾನಗಿಯ ಷರತ್ತುಗಳು ಮಂಡಳಿಯ ವೆಬ್‌ಸೈಟಿನಲ್ಲೇ ಸಿಗುತ್ತವೆ, ಏನೇನು ತಯಾರಿಸಲು ಒಪ್ಪಿಗೆ ಇದೆ ಅಂತ ಓದಿ. ಯಾವ ಗ್ಯಾಸ್ ಹುಡುಕಬೇಕು ಅನ್ನೋದು ಅಲ್ಲೇ ಗೊತ್ತಾಗುತ್ತದೆ.

ಹಾಗಾದರೆ ಯಾರಿಗೆ ಯಾವುದು? ಕಾರ್ಖಾನೆ ಇಲ್ಲದ ಕಡೆ, ಟ್ರಾಫಿಕ್ ಮತ್ತು ಚಳಿಗಾಲದ ಹೊಗೆಯ ಚಿಂತೆ ಇದ್ದವರಿಗೆ ಸರ್ಕಾರಿ ಸ್ಟೇಷನ್ನಿನ ಅಂಕಿ ಜೊತೆಗೆ ಹೋಲಿಸಿ ನೋಡಿದ ಒಂದು ಲೇಸರ್ ಮೀಟರ್ ಸಾಕು, ಇಡೀ ಸೊಸೈಟಿಗೆ ಒಂದೇ. ಕಟ್ಟಡದ ಧೂಳಿಗೆ ಫೋಟೋ ಮತ್ತು ಲ್ಯಾಬ್. ಎಮ್‌ಐಡಿಸಿ, ರಿಫೈನರಿ ಪಕ್ಕ ಇದ್ದರೆ ಮೀಟರಿನ ದುಡ್ಡನ್ನು ಉಳಿಸಿ ಲ್ಯಾಬಿಗೆ ಇಡಿ, ನೋಟ್‌ಬುಕ್ ಇವತ್ತೇ ಶುರು ಮಾಡಿ. ಜುಲೈ-ಆಗಸ್ಟ್‌ನಲ್ಲಿ ಅಳೆದು "ಪರವಾಗಿಲ್ಲ" ಅಂತ ಯಾರೂ ತೀರ್ಮಾನಕ್ಕೆ ಬರಬೇಡಿ, ಮಳೆ ಧೂಳನ್ನು ತೊಳೆದಿರುತ್ತದೆ. ಅಕ್ಟೋಬರಿನಿಂದ ಫೆಬ್ರವರಿವರೆಗಿನದ್ದೇ ನಿಜವಾದ ಲೆಕ್ಕ.

ಹೊಸದಾಗಿ ಮನೆ ಹುಡುಕುತ್ತಿರುವವರಿಗೂ ಒಂದು ಮಾತು. ಬ್ರೋಕರ್ ಮನೆ ತೋರಿಸುವುದು ಬೆಳಗ್ಗೆ ಹನ್ನೊಂದಕ್ಕೋ ಸಂಜೆ ನಾಲ್ಕಕ್ಕೋ, ಗಾಳಿ ಚೆನ್ನಾಗಿ ಆಡುವ ಹೊತ್ತಿಗೆ. ಡಿಪಾಸಿಟ್ ಕೊಡುವ ಮುಂಚೆ ರಾತ್ರಿ ಹನ್ನೊಂದರ ಮೇಲೆ ಒಮ್ಮೆ, ಬೆಳಗಿನ ಜಾವ ಒಮ್ಮೆ ಆ ಬಿಲ್ಡಿಂಗ್ ಕೆಳಗೆ ಹೋಗಿ ನಿಂತು ಬನ್ನಿ. ವಾಚ್‌ಮನ್ ಹತ್ತಿರ ಕೇಳಿ, ಕೆಳಗಿನ ಮೆಡಿಕಲ್ ಅಂಗಡಿಯವರ ಹತ್ತಿರ ಕೆಮ್ಮಿನ ಔಷಧಿ ಯಾವ ತಿಂಗಳು ಜಾಸ್ತಿ ಹೋಗುತ್ತದೆ ಅಂತ ಕೇಳಿ. ಆಮೇಲೆ ಅಗ್ರಿಮೆಂಟಿಗೆ ಸಹಿ ಹಾಕಿ.